ಹೆಂಗಸರ ಕಡೆ

ನಮ್ಮ ಹೊನ್ನಾಳಿಯ ಟೆಂಟ್ ಸಿನಿಮಾದಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಎಂದು ಎರಡು ಭಾಗ. ನಡುವೆ ಎದೆಮಟ್ಟದ ಒಂದು ತಡಿಕೆ, ಅದರ ಮೇಲೊಂದು ಮಾಸಿದ ಬಟ್ಟೆ. ನೆಲಕ್ಕೆ ಹೊಳೆಯಿಂದ ತಂದು ಹರವಿದ ಮರಳು. ಮಕ್ಕಳಾದ ನಾವು ಅದನ್ನೇ ಗುಡ್ಡೆ ಮಾಡಿ, ಮೇಲೆ ಕುಳಿತು, ಮುಂದಿನವರ ತುರುಬು ತಪ್ಪಿಸಿ ನೋಡುತ್ತಿದ್ದೆವು. ಇದ್ದದ್ದು ಒಂದೇ ಪ್ರೊಜೆಕ್ಟರ್. ಹೀಗಾಗಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಒಂದು ಚಿತ್ರಕ್ಕೆ ಮೂರು ನಾಲ್ಕು ಇಂಟರ್ವಲ್. ಪ್ರೇಮವೆಂದರೇನು ಎಂಬುದರ ಮೊದಲ ಪಾಠವನ್ನು ನಾನು ಕಲಿತದ್ದು ಆ ಇಂಟರ್ವಲ್‌ಗಳಲ್ಲಿ, ಸುತ್ತ ಕುಳಿತ ಹೆಂಗಸರ ಮಾತು ಕೇಳಿ.

ಬೆಳೆದ ಹುಡುಗಿಯರನ್ನು ಸಿನಿಮಾಕ್ಕೆ ಕಳಿಸುವುದೆಂದರೆ ಆಗ ಮನೆಯಲ್ಲಿ ಒಂದು ಸಣ್ಣ ಸಭೆಯೇ ನಡೆಯಬೇಕು. ಪುರಾಣದ ಚಿತ್ರವಾದರೆ ಅಜ್ಜಿಯೇ ಮುಂದೆ. ‘ಲವ್ವು ಗಿವ್ವು’ ಇದೆ ಎಂದು ಯಾರಾದರೂ ಕಿವಿಯೂದಿದರೆ ಮುಗಿಯಿತು. ಸಿನಿಮಾ ನೋಡಿದ ಹುಡುಗಿ ಕೆಡುತ್ತಾಳೆ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀವೂ ಕೇಳಿರುತ್ತೀರಿ. ಅದು ನಿಜವೇ ಎಂದು ನನ್ನ ಬದುಕನ್ನೂ ನಮ್ಮ ಅತ್ತೆಯ ಬದುಕನ್ನೂ ಮುಂದಿಟ್ಟುಕೊಂಡು ನೋಡುವ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಅತ್ತೆ ಎಂದರೆ ಅಪ್ಪನ ತಂಗಿ. ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದಳು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬನಿಗೆ ಕೊಡುವುದೆಂದು ವೀಳ್ಯದ ಶಾಸ್ತ್ರವಾಗಿತ್ತು. ಓದು ಮುಗಿದ ಮೇಲೆ ಗಂಡಿನವರ ಬೇಡಿಕೆ ಬೆಳೆಯಿತು. ವರದಕ್ಷಿಣೆ ನಿಷೇಧದ ಕಾನೂನು 1961ರಲ್ಲೇ ಬಂದಿತ್ತು. ನಮ್ಮ ಕಡೆ ಅದರ ಹೆಸರನ್ನೂ ಯಾರೂ ಕೇಳಿರಲಿಲ್ಲ. ನಮ್ಮ ಕೈಲಿ ಆಗುವುದಿಲ್ಲ ಎಂದಾಗ ಸಂಬಂಧ ಮುರಿಯಿತು. ಎರಡು ವರ್ಷ ಕಳೆದ ಮೇಲೆ, ಬೇರೆ ಕಡೆ ನೋಡಿದ್ದು ಕೂಡಿಬರದೆ, ಅವರೇ ಮತ್ತೆ ಹೇಳಿಕಳಿಸಿದರು. ಮನೆಯಲ್ಲಿ ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಅತ್ತೆಯನ್ನು ಯಾರೂ ಕೇಳಲಿಲ್ಲ.

ಆಗಲೇ ನಮ್ಮೂರಿಗೆ ‘ಬೆಳ್ಳಿಮೋಡ’ ಬಂದದ್ದು. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಕಪ್ಪು ಬಿಳುಪಿನ ಚಿತ್ರ ಬಿಡುಗಡೆಯಾದದ್ದು 1967ರಲ್ಲಿ. ಡೇರೆಯ ಊರುಗಳಿಗೆ ಬರುವಾಗ ವರ್ಷವಾಗುತ್ತಿತ್ತು. ನನಗಾಗ ಹನ್ನೆರಡು. ಬೇಂದ್ರೆಯವರ ಪದ್ಯವಿದೆ, ತ್ರಿವೇಣಿಯವರ ಕಾದಂಬರಿ ಎಂದು ಅಪ್ಪ ಹೇಳಿದ್ದರಿಂದ ಸಭೆಯಲ್ಲಿ ಸುಲಭವಾಗಿ ಅನುಮತಿ ಸಿಕ್ಕಿತು. ಅಜ್ಜಿ, ಅಮ್ಮ, ಅತ್ತೆ, ನಾನು ಹೊರಟೆವು.

ಕಥೆ ನಿಮಗೆ ಗೊತ್ತೇ ಇದೆ. ಇಂದಿರೆಯ ತಂದೆ ಭಾವೀ ಅಳಿಯ ಮೋಹನನನ್ನು ತನ್ನ ಖರ್ಚಿನಲ್ಲಿ ವಿದೇಶಕ್ಕೆ ಓದಲು ಕಳಿಸುತ್ತಾನೆ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದು ಗೊತ್ತಾದೊಡನೆ ಮೋಹನನ ಪ್ರೇಮವೂ ಕರಗುತ್ತದೆ. ಮುಂದೆ ಅವನೇ ಪೆಟ್ಟು ತಿಂದು ಮಲಗಿದಾಗ ಇಂದಿರೆ ಅವನ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅಲ್ಲಿಗೆ ಶುಭಂ ಎಂದು ನಾನು ಚಪ್ಪಲಿ ಹುಡುಕತೊಡಗಿದ್ದೆ. ಕಲ್ಪನಾ ಒಪ್ಪಲಿಲ್ಲ. ಹೆಂಗಸರ ಕಡೆ ಒಂದು ನಿಮಿಷ ಉಸಿರೇ ಇರಲಿಲ್ಲ. ಕತ್ತಲಲ್ಲಿ ನಮ್ಮಜ್ಜಿಯ ದನಿ ಮಾತ್ರ ಗಟ್ಟಿಯಾಗಿ ಕೇಳಿಸಿತು: “ಬ್ಯಾಡ ಅನ್ನೇ ಮಗಳೇ, ಬ್ಯಾಡ ಅನ್ನು!”

ಮಾರನೆಯ ದಿನ ಅಜ್ಜಿ ಜಗುಲಿಯ ಮೇಲೆ ಕೂತಿದ್ದ ಅಜ್ಜನ ಮುಂದೆ ನಿಂತು, “ಹುಡುಗಿಗೆ ಆ ಸಂಬಂಧ ಬ್ಯಾಡಂತೆ” ಎಂದರು. ಅಜ್ಜ ಕೂಗಾಡಿದರು. ಅಜ್ಜಿ ಮಾತು ಬದಲಿಸಲಿಲ್ಲ. ಅತ್ತೆ ಮುಂದೆ ಟಿ.ಸಿ.ಎಚ್. ತರಬೇತಿ ಮುಗಿಸಿ ನ್ಯಾಮತಿಯಲ್ಲಿ ಪ್ರೈಮರಿ ಶಾಲೆಯ ಮೇಡಂ ಆದಳು. ಮದುವೆಯಾಗಲಿಲ್ಲ. “ಸಿನಿಮಾ ನೋಡಿ ಕೆಟ್ಟಳು” ಎಂದು ಬಂಧುಗಳು ಬಹಳ ಕಾಲ ಆಡಿಕೊಂಡರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚಿಯಲ್ಲಿ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ಈ ಚಿತ್ರದಲ್ಲಿ ತ್ರಿಪುರಾಂಬಾ ಸುಲೋಚನೆಯಾದರು, ಸುಬ್ಬಯ್ಯನಾಯ್ಡು ಇಂದ್ರಜಿತುವಾದರು. ಗಂಡನ ಹಿಂದೆಯೇ ಚಿತೆಯೇರುವ ಸತಿಯ ಕಥೆ ಅದು. ಅಲ್ಲಿಂದ ಮುಂದೆ ಬಹುಕಾಲ ನಮ್ಮ ತೆರೆಯ ಮೇಲೆ ಹೆಣ್ಣಿನ ಪ್ರೇಮವೆಂದರೆ ಪಾತಿವ್ರತ್ಯ, ಇಲ್ಲವೇ ದೈವಭಕ್ತಿ. ಅದೇ 1934ರಲ್ಲಿ ಅಮೆರಿಕದ ಹಾಲಿವುಡ್ಡಿನಲ್ಲೂ ಒಂದು ಕಟ್ಟುಪಾಡು ಬಿಗಿಯಾಗಿ ಜಾರಿಗೆ ಬಂತಂತೆ. ಮುತ್ತು ಎಷ್ಟು ಹೊತ್ತು, ಉಡುಪು ಎಷ್ಟು ಎಂಬುದಕ್ಕೆಲ್ಲ ಅಲ್ಲಿ ಲೆಕ್ಕ. ತೆರೆಯ ಮೇಲಿನ ಗಂಡಹೆಂಡಿರನ್ನೂ ಎರಡು ಬೇರೆ ಮಂಚಗಳಲ್ಲಿ ಮಲಗಿಸುತ್ತಿದ್ದರು. 1968ರವರೆಗೆ ಅದು ನಡೆಯಿತು. ನಮ್ಮ ಡೇರೆಯ ತಡಿಕೆ ನೆನಪಾಗಿ ನಗು ಬರುತ್ತದೆ. ಹೆಣ್ಣು ಗಂಡಿನ ಪ್ರೀತಿಯನ್ನು ಕಂಡರೆ ಎಲ್ಲ ದೇಶದ ಹಿರಿಯರಿಗೂ ಒಂದೇ ಭಯ.

ನಮ್ಮಲ್ಲಿ ಆ ತಡಿಕೆಯನ್ನು ಸರಿಸಿದವರು ಹೆಂಗಸರೇ, ಅದೂ ಲೇಖನಿ ಹಿಡಿದ ಹೆಂಗಸರು ಎಂಬುದು ನನ್ನ ನಂಬಿಕೆ. ‘ಬೆಳ್ಳಿಮೋಡ’ದ ತ್ರಿವೇಣಿ ತಮ್ಮ ಕಥೆ ಚಿತ್ರವಾದದ್ದನ್ನು ನೋಡಲಿಲ್ಲ, 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವು ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಕದಡುವ ಕಥೆಯಾದ ಅವರ ‘ಶರಪಂಜರ’ 1971ರಲ್ಲಿ ತೆರೆಗೆ ಬಂತು. ‘ಗೆಜ್ಜೆಪೂಜೆ’ ಬರೆದ ಎಂ.ಕೆ. ಇಂದಿರಾ ಮಲೆನಾಡಿನವರು, ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ, ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಾಕಿದವರು. ಪುಟ್ಟಣ್ಣ ಈ ಮೂರನ್ನೂ ಚಿತ್ರ ಮಾಡಿದರು. ಮೂರಕ್ಕೂ ಕಲ್ಪನಾ ನಾಯಕಿ. ವಾಚನಾಲಯದ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಮನೆಯಿಂದ ಮನೆಗೆ ಸಾಗಿಸುತ್ತಿದ್ದವರೇ ಹೆಂಗಸರ ಕಡೆ ತುಂಬಿಕೊಂಡರು. ಓದು ಬಾರದ ನಮ್ಮಜ್ಜಿಯಂಥವರಿಗೆ ಆ ಪುಸ್ತಕಗಳನ್ನು ಓದಿಸಿದ್ದು ಆ ಬಿಳಿ ಪರದೆ.

ಹೈಸ್ಕೂಲಿಗೆ ನನ್ನನ್ನು ಚನ್ನಗಿರಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. 1969ರ ‘ಗೆಜ್ಜೆಪೂಜೆ’ಯನ್ನು ನೋಡಿದ್ದು ಅಲ್ಲಿ. ಚನ್ನಗಿರಿ ತಾಲೂಕಿನಲ್ಲಿ ಸೂಳೆಕೆರೆ ಇದೆ. ಕಣ್ಣು ಹಾಯಿಸಿದಷ್ಟೂ ನೀರು. ಇವತ್ತಿಗೂ ಅದನ್ನು ನಂಬಿ ಗದ್ದೆ ಮಾಡುವ ಹಳ್ಳಿಗಳಿವೆ. ಶಾಂತಿಸಾಗರ ಎಂಬ ಒಳ್ಳೆಯ ಹೆಸರಿದ್ದರೂ ಬಾಯಿಗೆ ಬರುವುದು ಹಳೆಯದೇ. ಕೆರೆ ಕಟ್ಟಿಸಿದ ಶಾಂತವ್ವನ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಊರಿಗೆ ನೀರು ಕೊಟ್ಟವಳು ಅವಳು, ಉಳಿದದ್ದು ಮಾತ್ರ ಬೈಗುಳದಂಥ ಹೆಸರು. ಆ ಹೆಸರು ಹೇಳುವಾಗ ನಾವು ಹುಡುಗಿಯರು ಮುಸಿಮುಸಿ ನಗುತ್ತಿದ್ದೆವು.

‘ಗೆಜ್ಜೆಪೂಜೆ’ಯ ಚಂದ್ರಾ ಅಂಥದೇ ಮನೆಯಲ್ಲಿ ಹುಟ್ಟಿದವಳು. ಓದಬೇಕು, ಒಬ್ಬನ ಕೈಹಿಡಿದು ಮರ್ಯಾದೆಯಿಂದ ಬಾಳಬೇಕು ಎಂಬುದಷ್ಟೇ ಅವಳ ಆಸೆ. ಅವಳನ್ನು ಮೆಚ್ಚಿದವನಿಗೂ ಕೊನೆಗೆ ಅವಳ ಮಾತು ಕೇಳುವ ತಾಳ್ಮೆ ಇಲ್ಲದಾಯಿತು. ಅವಳು ಹುಟ್ಟಿದ ಮನೆಯೇ ಅವನಿಗೆ ಸಾಕ್ಷಿಯಾಯಿತು. ಚಂದ್ರಾ ಪ್ರಾಣ ಬಿಟ್ಟಾಗ ಹೆಂಗಸರ ಕಡೆ ಸೆರಗು ಒದ್ದೆಯಾಗದವರಿರಲಿಲ್ಲ. ಮನೆಗೆ ನಡೆಯುವಾಗ ಚಿಕ್ಕಮ್ಮ ಇದ್ದಕ್ಕಿದ್ದಂತೆ, “ಇನ್ನು ಕೆರೆ ಹೆಸರು ಹೇಳಿ ಕಿಸಿಯಬ್ಯಾಡ್ರೇ” ಎಂದಳು. ಅದಕ್ಕೆ ಮುಂಚೆ ಅವಳೂ ನಮ್ಮ ಜೊತೆ ನಗುತ್ತಿದ್ದವಳೇ.

1974ರಲ್ಲಿ ನನ್ನನ್ನು ಜಗಳೂರಿಗೆ ಕೊಟ್ಟರು. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ನನ್ನ ತವರೂ ಅತ್ತೆಮನೆಯೂ ಒಂದಾದವು. ಹೊನ್ನಾಳಿ ತಾಲೂಕಿನಲ್ಲಿದ್ದ ಅತ್ತೆಯ ನ್ಯಾಮತಿ ಈಗ ತಾನೇ ಒಂದು ತಾಲೂಕು. ಹೊಳೆ, ಗದ್ದೆ, ಅಡಿಕೆ ತೋಟ ಬಿಟ್ಟು ಬಂದವಳಿಗೆ ಜಗಳೂರಿನ ಬಿಸಿಲೇ ದೊಡ್ಡ ಪರೀಕ್ಷೆ. ನಮ್ಮ ಯಜಮಾನರು ಒಳ್ಳೆಯವರು, ಆದರೆ ಮಾತಿಲ್ಲ. ಊಟಕ್ಕೆ ಬಂದರೆ ‘ಹಾಕು’, ಹೊರಟರೆ ‘ಬರ್ತೀನಿ’. ನನಗೆ ಇದು ಸಿಟ್ಟೋ, ಇಷ್ಟವಿಲ್ಲದ್ದೋ, ಸ್ವಭಾವವೋ ತಿಳಿಯದು. ಕೇಳುವುದು ಹೇಗೆ?

ಆ ದಿನಗಳಲ್ಲಿ ಒಮ್ಮೆ ಬಸ್ಸಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋಗಿ ‘ಎರಡು ಕನಸು’ ತೋರಿಸಿದರು. ಕಾದಂಬರಿಗಾರ್ತಿ ವಾಣಿಯವರ ಕಥೆ, ದೊರೆ-ಭಗವಾನ್ ನಿರ್ದೇಶನ. ರಾಜ್‌ಕುಮಾರ್ ಇಲ್ಲಿ ಮೆಚ್ಚಿದ ಹುಡುಗಿಯನ್ನು ಕಳೆದುಕೊಂಡು, ಹಿರಿಯರ ಬಲವಂತಕ್ಕೆ ಬೇರೊಬ್ಬಳ ಕೈಹಿಡಿದು, ಅವಳೊಂದಿಗೆ ಸಂಸಾರವನ್ನೇ ಮಾಡದ ರಾಮಚಂದ್ರ. ಕಲ್ಪನಾ ಆ ಮೌನವನ್ನು ಉಣ್ಣುವ ಹೆಂಡತಿ ಗೌರಿ. ಪೇಟೆಯ ಚಿತ್ರಮಂದಿರದಲ್ಲಿ ತಡಿಕೆಯಿಲ್ಲ. ಜೀವನದಲ್ಲಿ ಮೊದಲ ಸಲ ಗಂಡಸಿನ ಪಕ್ಕ ಕುಳಿತು ಸಿನಿಮಾ ನೋಡುತ್ತಿದ್ದೆ. ಅಳುವುದಕ್ಕೂ ಸಂಕೋಚ. ಹೆಂಗಸರ ಕಡೆಯಾಗಿದ್ದರೆ ಮನಸಾರೆ ಅತ್ತುಬಿಡುತ್ತಿದ್ದೆ.

ವಾಪಸು ಬರುವಾಗ ಬಸ್ಸು ಅರ್ಧ ದಾರಿಗೆ ಬಂದಿರಬೇಕು. ಅವರು ಕಿಟಕಿಯ ಕಡೆ ನೋಡುತ್ತಲೇ, “ನಾನೂ ಆ ರಾಮಚಂದ್ರನ ಥರಾನೇ ಇದ್ದೀನಾ?” ಎಂದರು. “ಇಲ್ಲ” ಎಂದೆ. ಸುಳ್ಳು. ಅವರಿಗೂ ಗೊತ್ತಾಯಿತು. “ನಂಗೆ ಮಾತು ಬರಲ್ಲ, ಅಷ್ಟೇ. ಬೇರೆ ಏನೂ ಇಲ್ಲ” ಎಂದರು. ಆಮೇಲೂ ಅವರು ಮಾತಿನ ಮಲ್ಲರೇನೂ ಆಗಲಿಲ್ಲ. ಆದರೆ ನಾನು ಊಟಕ್ಕೆ ಬಡಿಸುವಾಗ ‘ನಿಂದಾಯ್ತಾ’ ಎಂದು ಕೇಳತೊಡಗಿದರು. ಸಾಯುವವರೆಗೂ ಕೇಳಿದರು.

ಜಗಳೂರಿನಿಂದ ಚಿತ್ರದುರ್ಗ ಹತ್ತಿರವೇ. ಪುಟ್ಟಣ್ಣ ‘ನಾಗರಹಾವು’ ತೆಗೆದ ಆ ಕೋಟೆಯನ್ನು ಅತ್ತೆಮನೆಯವರೊಂದಿಗೆ ಎಷ್ಟೋ ಸಲ ಹತ್ತಿದ್ದೇನೆ. 1972ರ ಕೊನೆಯಲ್ಲಿ ಬಂದ ಆ ಚಿತ್ರದ ಮೂಲ ತ.ರಾ.ಸು. ಅವರ ಮೂರು ಕಾದಂಬರಿಗಳು. ನಮ್ಮ ಹೊನ್ನಾಳಿಯ ಆಚೆಗಿನ ಮಲೆಬೆನ್ನೂರು ಅವರು ಹುಟ್ಟಿದೂರು. ಅದರಲ್ಲಿ ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಮಗನಿಗಿಂತ ಹೆಚ್ಚಾಗಿ ಪ್ರೀತಿಸುತ್ತಾರೆ. ಆದರೆ ಅಲಮೇಲುವನ್ನು ಬಿಟ್ಟುಬಿಡು ಎನ್ನುವಾಗ ಅವನ ಮಾತನ್ನಾಗಲಿ ಅವಳ ಮಾತನ್ನಾಗಲಿ ಕೇಳುವುದಿಲ್ಲ. ಆ ಒಂದು ಕಿವುಡಿನಿಂದ ಎಷ್ಟು ಬದುಕುಗಳು ಹಾಳಾದವು ನೋಡಿ. ಕೆಟ್ಟವರಿಗಿಂತ ಒಳ್ಳೆಯವರ ಕಿವುಡೇ ಹೆಚ್ಚು ಅಪಾಯ ಎಂದು ಕೋಟೆಯ ಮೆಟ್ಟಿಲಿಳಿಯುವಾಗ ನನಗೆ ಅನಿಸಿದೆ.

ಇತ್ತೀಚೆಗೆ ಮಗ ಅವನ ಕಂಪ್ಯೂಟರಿನಲ್ಲಿ ಹಳೆಯ ಇಂಗ್ಲಿಷ್ ಚಿತ್ರಗಳನ್ನು ತೋರಿಸುತ್ತಾನೆ. 1944ರ ‘ಡಬಲ್ ಇಂಡೆಮ್ನಿಟಿ’ ಎಂಬುದರಲ್ಲಿ ಹೆಂಡತಿಯೊಬ್ಬಳು ವಿಮೆಯ ಹಣಕ್ಕಾಗಿ ಪ್ರಿಯಕರನಿಂದ ಗಂಡನನ್ನು ಕೊಲ್ಲಿಸುತ್ತಾಳೆ. ಪ್ರೇಮ ಅಲ್ಲಿ ಬರೀ ಬಲೆ. ಇಂಥವನ್ನು ಫ್ರೆಂಚ್ ವಿಮರ್ಶಕರು ‘ಕಪ್ಪು ಚಿತ್ರ’ ಎಂದು ಕರೆದರಂತೆ. 1952ರ ‘ಸಿಂಗಿಂಗ್ ಇನ್ ದಿ ರೇನ್’ ಹಾಡು ಕುಣಿತದ ಚಿತ್ರ. ಅವರಿಗೆ ಅದೊಂದು ಬೇರೆ ಜಾತಿ, ನಮಗೆ ಎಲ್ಲ ಚಿತ್ರವೂ ಅದೇ ಜಾತಿ! 1942ರ ‘ಕಾಸಾಬ್ಲಾಂಕಾ’ ನೋಡಿ ಕಣ್ಣು ತುಂಬಿತು. ಆದರೆ ಅಲ್ಲಿ ಇಬ್ಬರ ಪರವಾಗಿಯೂ ನೀವೇ ಯೋಚಿಸಿ ಎಂದು ನಾಯಕಿ ನಾಯಕನಿಗೆ ಬಿಟ್ಟುಬಿಡುತ್ತಾಳೆ. ಅವನು ತೀರ್ಮಾನಿಸಿ ಅವಳನ್ನು ಗಂಡನೊಂದಿಗೆ ವಿಮಾನ ಹತ್ತಿಸುತ್ತಾನೆ. ನಮ್ಮ ಇಂದಿರೆಯ ಪರವಾಗಿ ಯಾರೂ ಯೋಚಿಸಲಿಲ್ಲ, ಅವಳೇ ಯೋಚಿಸಿದಳು ಎಂದು ಮಗನಿಗೆ ಹೇಳಿದೆ. ಅವನು ‘ಬೆಳ್ಳಿಮೋಡ’ ನೋಡಿರಲಿಲ್ಲ.

ಅದೇ ಹುರುಪಿನಲ್ಲಿ ಒಂದು ದಿನ ನ್ಯಾಮತಿಗೆ ಹೋದೆ. ಅತ್ತೆಗೆ ಈಗ ಎಂಬತ್ತರ ಮೇಲೆ. ಮುಂದಿನ ಕೋಣೆಯಲ್ಲಿ ನೆರೆಮನೆಯ ಇಬ್ಬರು ಮಕ್ಕಳು ಮಗ್ಗಿ ಬರೆಯುತ್ತಿದ್ದರು. ಐವತ್ತು ವರ್ಷಕ್ಕೂ ಮೀರಿ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: “ಅತ್ತೆ, ಆವತ್ತು ಸಿನಿಮಾ ನೋಡಿಯೇ ಅಲ್ವಾ ನೀನು ಬೇಡ ಅಂದದ್ದು?”

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಥೂ ಹುಚ್ಚಿ. ಅವರು ಹೇಳಿಕಳಿಸಿದ ದಿನಾನೇ ಬ್ಯಾಡ ಅಂದಿದ್ದೆ. ಮೂರು ಸಲ ಅಂದಿದ್ದೆ. ನೀರು ತರುವಾಗ ನಿಮ್ಮಮ್ಮನ ಹತ್ರ, ರಾತ್ರಿ ಅವ್ವನ ಹತ್ರ, ಬೆಳಿಗ್ಗೆ ಅಣ್ಣನ ಹತ್ರ. ಯಾರಿಗೂ ಕೇಳಿಸ್ಲಿಲ್ಲ. ಸಿನಿಮಾ ನೋಡಿ ಬಂದ ಮೇಲೆ ಅವ್ವಂಗೆ ಕೇಳಿಸ್ತು, ಅಷ್ಟೇ.”

ನಾನು ಸುಮ್ಮನೆ ಕುಳಿತೆ. ಇಷ್ಟು ವರ್ಷ ನಾನು ಅತ್ತೆಯ ಕಡೆಗೇ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಅವಳ ಪಕ್ಕ ಮರಳಿನ ಮೇಲೆ ಕುಳಿತಿದ್ದ ಅಜ್ಜಿಯ ಕಡೆಗೆ. ಹುಡುಗಿಯರು ಸಿನಿಮಾ ನೋಡಿ ಕೆಟ್ಟರೋ ಇಲ್ಲವೋ, ಆ ಕತ್ತಲಲ್ಲಿ ಕೆಲವು ಅಜ್ಜಿಯರ, ಚಿಕ್ಕಮ್ಮಂದಿರ, ಒಬ್ಬಿಬ್ಬರು ಗಂಡಂದಿರ ಕಿವಿಯಂತೂ ತೆರೆಯಿತು.

“ಎದ್ದು ಕೈಕಾಲು ತೊಳ್ಕೊ, ರೊಟ್ಟಿ ತಣ್ಣಗಾಗ್ತವೆ” ಎಂದಳು ಅತ್ತೆ. ಎದ್ದೆ.