ಮಕ್ಕಳ ಆಕ್ಯುಪೇಷನಲ್ ಥೆರಪಿ: ಚಿಕಿತ್ಸಾ ಕೊಠಡಿಯಿಂದ ಅಡುಗೆಮನೆಗೆ

ದಿನನಿತ್ಯದ ಕೆಲಸಗಳನ್ನೇ ಮದ್ದಾಗಿಸುವ ಆಕ್ಯುಪೇಷನಲ್ ಥೆರಪಿಯ ಸಂಘವೊಂದು 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿತು. ಆಗ ಈ ಥೆರಪಿಯ ಗಮನ ಹೆಚ್ಚಾಗಿ ಮನೋರೋಗಿಗಳ ಮೇಲಿತ್ತು. ಬೇಗನೆ ಮೊದಲ ಮಹಾಯುದ್ಧದ ಗಾಯಾಳುಗಳೂ ಸೇರಿದರು. ನೇಯ್ಗೆ, ಮರಗೆಲಸ, ಬುಟ್ಟಿ ಹೆಣೆಯುವುದೇ ಮದ್ದು. ಪೋಲಿಯೊ, ಮಿದುಳಿನ ಹಾನಿಯಿಂದ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿಗಳಿಂದಾಗಿ ಮಕ್ಕಳೂ ಥೆರಪಿಸ್ಟರ ಬಳಿಗೆ ಬಂದರು. ಮಗುವಿನ ಕೆಲಸವೆಂದರೆ ಆಡುವುದು, ಉಣ್ಣುವುದು, ಅಂಗಿ ತೊಡುವುದು. ಇಷ್ಟು ಸರಳ ಸಂಗತಿ ಚಿಕಿತ್ಸೆಯ ನಡುಮನೆಗೆ ಬರಲು ಬಹಳ ಕಾಲ ಹಿಡಿಯಿತೆಂದೇ ನನ್ನ ಭಾವನೆ.

ನಡುವಿನ ದಶಕಗಳಲ್ಲಿ ದೇಹವನ್ನು ಸರಿಪಡಿಸುವ ಹಂಬಲವೇ ಮೇಲಾಗಿತ್ತು. ಬರ್ಲಿನ್ ಮೂಲದ ಬರ್ಟಾ ಮತ್ತು ಕಾರೆಲ್ ಬೋಬಾತ್ ದಂಪತಿ 1940ರ ದಶಕದಿಂದ ಲಂಡನ್ನಿನಲ್ಲಿ ರೂಪಿಸಿದ ವಿಧಾನದಲ್ಲಿ ಥೆರಪಿಸ್ಟರು ತಮ್ಮ ಕೈಯಿಂದಲೇ ಮಗುವಿನ ಬಿಗಿದ ಸ್ನಾಯುಗಳನ್ನು ಸಡಿಲಿಸಿ ಸಹಜ ಚಲನೆಗೆ ದಾರಿ ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾದ ಎ. ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ಇನ್ನೊಂದು ದಾರಿ ತೋರಿದರು: ಸ್ಪರ್ಶ, ಸಮತೋಲನ, ಕೀಲುಗಳಿಂದ ಬರುವ ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳದಿದ್ದರೆ ಕಲಿಕೆ ತೊಡಕಾಗುತ್ತದೆ. ಇಂದಿನ ಥೆರಪಿ ಕೇಂದ್ರಗಳ ಉಯ್ಯಾಲೆಗಳು ಅವರ ಬಳುವಳಿ. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಪೆನ್ಸಿಲ್ ಹಿಡಿಯಲಾರದ ಮಗುವನ್ನು ಸೋಮಾರಿಯೆಂದು ಬೈಯುವ ಮುನ್ನ ಯೋಚಿಸುವಂತೆ ಮಾಡಿದ್ದು.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಶಾಲೆ ತೆರೆದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಬೆಂಗಳೂರಿನಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1982ರಲ್ಲಿ ಶುರುವಾಯಿತು. ಮಣಿಪಾಲದಲ್ಲಿ ಪದವಿ ಶಿಕ್ಷಣವೂ ಬಂತು.

ಹಳೆಯ ನಂಬಿಕೆಗಳಿಗೆ ಗಟ್ಟಿ ಪರೀಕ್ಷೆ ಎದುರಾದದ್ದು 2013ರಲ್ಲಿ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳ ಪುರಾವೆಯನ್ನೆಲ್ಲ ಜರಡಿ ಹಿಡಿದರು. ಬೋಬಾತ್ ವಿಧಾನಕ್ಕೂ, ಈ ಮಕ್ಕಳ ಮಟ್ಟಿಗೆ ಏರ್ಸ್ ವಿಧಾನಕ್ಕೂ ಬಲವಾದ ಆಧಾರ ಸಿಗಲಿಲ್ಲ. ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಮಾಡಿಸುವ ಅಭ್ಯಾಸ, ಎರಡೂ ಕೈ ಬಳಸುವ ತರಬೇತಿ, ಮನೆಯಲ್ಲೇ ನಡೆಸುವ ಕಾರ್ಯಕ್ರಮ ಇವು ಗೆದ್ದವು.

ಮನೆಯಲ್ಲೇ ಮಾಡುವ ಇಂಥ ಅಭ್ಯಾಸಕ್ಕೆ ಉದಾಹರಣೆಯಾಗಿ, ಮುದ್ದೆ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಡುವುದನ್ನೇ ನೋಡಿ. ಬೆರಳಿನ ಒತ್ತು, ಮಣಿಕಟ್ಟಿನ ತಿರುವು, ಮೊಣಕೈಯ ಮಡಿಕೆ ಎಲ್ಲವೂ ಅದರಲ್ಲಿವೆ. ಕೂತ ಮಗುವಿಗೆ ಪಾದ ಊರಲು ಮಣೆ ಕೊಟ್ಟರೆ ಮೈ ನೆಟ್ಟಗೆ ನಿಲ್ಲುತ್ತದೆ, ಕೈ ಬಿಡುವಾಗುತ್ತದೆ. ತಟ್ಟೆಯಡಿ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಇದನ್ನು ತಾಯಿಗೋ ಅಜ್ಜಿಗೋ ಕಲಿಸುವುದು ಬಡವರ ಪಾಲಿನ ಅರೆಚಿಕಿತ್ಸೆಯಲ್ಲ, ಇದೇ ನಿಜವಾದ ಚಿಕಿತ್ಸೆ. ಹಾಗಿದ್ದೂ ಮಕ್ಕಳ ದಿನನಿತ್ಯದ ಕೌಶಲಗಳನ್ನು ಅಳೆಯಲು ಅಮೆರಿಕದಲ್ಲಿ ಸಿದ್ಧವಾದ ಪೆಡಿ ಎಂಬ ಮಾಪನ ಊಟದ ಕೌಶಲವನ್ನು ಅಳೆಯುವಾಗ ಚಮಚ, ಫೋರ್ಕು, ಚಾಕುಗಳನ್ನು ಕೇಳುತ್ತದೆ. ಕೈಯಲ್ಲಿ ಅಚ್ಚುಕಟ್ಟಾಗಿ ಉಣ್ಣುವ ಮಂಡ್ಯದ ಹುಡುಗಿಗೆ ಅದರಲ್ಲಿ ಅಂಕ ಕಡಿಮೆ. ನಮ್ಮ ಮಕ್ಕಳ ಊಟ, ಉಡುಗೆ, ಆಟಗಳನ್ನು ಅಳೆಯುವ ಕನ್ನಡದ ಮಾಪನಗಳನ್ನು ರೂಪಿಸುವುದು ಇನ್ನು ನಮ್ಮ ಥೆರಪಿಸ್ಟರ ಕೆಲಸ.