ಮತನಿಷ್ಠೆಯೂ ಅಧಿಕಾರಧರ್ಮವೂ

ದೃಢವಾದ ಮತಶ್ರದ್ಧೆಯುಳ್ಳವನೊಬ್ಬನು ರಾಜ್ಯಾಧಿಕಾರವನ್ನು ವಹಿಸಿದಾಗ, ಆತನ ಶ್ರದ್ಧೆಯು ಪ್ರಜೆಗಳಿಗೆ ನೆರಳಾಗುವುದೋ ಹೊರೆಯಾಗುವುದೋ ಎಂಬುದು ಬಹುಕಾಲದ ಪ್ರಶ್ನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೀಕ್ಷ್ಣತೆಯುಂಟು. ಯಾವ ಮತವನ್ನೂ ರಾಜಮತವಾಗಿ ಸ್ಥಾಪಿಸಕೂಡದೆಂದು ಅಲ್ಲಿಯ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯು ವಿಧಿಸಿದೆ. ಆದರೂ ಅಲ್ಲಿಯ ಸಾರ್ವಜನಿಕ ಜೀವನವು ಮತಭಾವನೆಯಿಂದ ಎಂದೂ ದೂರವಾದುದಿಲ್ಲ. ಈ ಎರಡರ ನಡುವೆ ನಿಂತು, ತನ್ನ ಮತವನ್ನು ಬಿಡದೆ, ತನ್ನ ಹುದ್ದೆಗೂ ದ್ರೋಹ ಬಗೆಯದೆ ನಡೆದ ಒಬ್ಬ ವೈದ್ಯನ ಚರಿತ್ರೆಯು ವಿಚಾರಾರ್ಹವಾದುದು. ಆತನೇ ಚಾರ್ಲ್ಸ್ ಎವರೆಟ್ ಕೂಪ್. 1982ರಿಂದ 1989ರವರೆಗೆ ಆ ದೇಶದ ಸರ್ಜನ್ ಜನರಲ್ ಪದವಿಯಲ್ಲಿದ್ದವನು.

ಈ ಪದವಿಯ ಸ್ವರೂಪವನ್ನು ಮೊದಲು ತಿಳಿಯಬೇಕು. 1798ರಲ್ಲಿ ರೋಗಿಗಳಾದ ನಾವಿಕರ ಶುಶ್ರೂಷೆಗಾಗಿ ಆದ ಏರ್ಪಾಡು ಕಾಲಕ್ರಮದಲ್ಲಿ ಬೆಳೆದು ಸಾರ್ವಜನಿಕ ಆರೋಗ್ಯ ಸೇವೆಯಾಯಿತು. ಸರ್ಜನ್ ಜನರಲ್ ಎಂಬವನು ಅದರ ಮುಖ್ಯ ವೈದ್ಯ. ಕಾನೂನು ಮಾಡುವ ಶಕ್ತಿಯಾಗಲಿ, ದೊಡ್ಡ ಬೊಕ್ಕಸವಾಗಲಿ ಆತನ ಕೈಯಲ್ಲಿಲ್ಲ. ಆರೋಗ್ಯದ ವಿಷಯದಲ್ಲಿ ಇಡೀ ದೇಶಕ್ಕೆ ಹಿತವಚನವನ್ನು ಹೇಳುವ ಹಕ್ಕು ಮಾತ್ರ ಉಂಟು. ಆದಕಾರಣ ಈ ಪದವಿಯ ಬೆಲೆಯೆಂದರೆ ಅದರಲ್ಲಿರುವವನ ಮಾತಿನ ಬೆಲೆಯೇ.

ಕೂಪನು 1916ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಹುಟ್ಟಿದನು. 1981ರವರೆಗೆ ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯಲ್ಲಿ ಪ್ರಧಾನ ಶಸ್ತ್ರವೈದ್ಯನಾಗಿದ್ದನು. ಮಕ್ಕಳ ಶಸ್ತ್ರಚಿಕಿತ್ಸೆಯೆಂಬುದು ಆಗಿನ್ನೂ ಪ್ರತ್ಯೇಕ ಶಾಸ್ತ್ರವಾಗಿ ಬೇರೂರಿರಲಿಲ್ಲ. ಅನ್ನನಾಳವೇ ಪೂರ್ಣವಾಗಿ ರೂಪುಗೊಳ್ಳದೆ ಹುಟ್ಟಿದ, ಹಿಂದಿನವರು ಕೈಬಿಡುತ್ತಿದ್ದ ಹಸುಳೆಗಳನ್ನು ಆತನು ಉಳಿಸಿದನು. ಇದೇ ಕಾಲದಲ್ಲಿ ಆ ಊರಿನ ಹತ್ತನೆಯ ಪ್ರೆಸ್ಬಿಟೀರಿಯನ್ ಚರ್ಚಿನ ಉಪದೇಶಗಳನ್ನು ಕೇಳುತ್ತ ದೃಢ ಕ್ರೈಸ್ತನಾದನು. 1968ರಲ್ಲಿ ಆತನ ಮಗನೊಬ್ಬನು ಪರ್ವತಾರೋಹಣ ಮಾಡುತ್ತಿದ್ದಾಗ ಬಿದ್ದು ಮೃತಪಟ್ಟನು. ಆ ಶೋಕದಿಂದಲೂ ಆತನ ಶ್ರದ್ಧೆಯು ಅಲುಗಲಿಲ್ಲ.

ಗರ್ಭಪಾತವು ಹೆಣ್ಣಿನ ಹಕ್ಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ತೀರ್ಪಿತ್ತಿತು. 2022ರಲ್ಲಿ ಅದೇ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ನಡುವಣ ಅರ್ಧ ಶತಮಾನದ ರಾಜಕೀಯವನ್ನೆಲ್ಲ ಈ ವಿವಾದವು ಕಲಕಿತು. ಎಳೆಯ ಜೀವಗಳಿಗಾಗಿ ದುಡಿದಿದ್ದ ಕೂಪನು ಗರ್ಭಪಾತದ ಕಡುವಿರೋಧಿಯಾಗಿ, 1979ರಲ್ಲಿ ಫ್ರಾನ್ಸಿಸ್ ಶೇಫರ್ ಎಂಬ ಮತಚಿಂತಕನೊಡನೆ ಚಲಚ್ಚಿತ್ರಗಳ ಮೂಲಕವೂ ಉಪನ್ಯಾಸಗಳ ಮೂಲಕವೂ ಜನರನ್ನು ಎಚ್ಚರಿಸಹೊರಟನು. ಅದೇ ವರ್ಷ ಜೆರಿ ಫಾಲ್ವೆಲ್ ಎಂಬ ಬೋಧಕನು ‘ಮಾರಲ್ ಮೆಜಾರಿಟಿ’ ಎಂಬ ಸಂಘವನ್ನು ಕಟ್ಟಿದನು. ಇಂಥ ಸಂಪ್ರದಾಯವಾದಿಗಳ ಬೆಂಬಲವನ್ನು ಪಡೆದು ರೊನಾಲ್ಡ್ ರೇಗನ್ 1980ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದನು.

ರೇಗನ್ ಕೂಪನನ್ನು ಸರ್ಜನ್ ಜನರಲ್ ಪದವಿಗೆ ಆರಿಸಿದಾಗ ದೊಡ್ಡ ಕೋಲಾಹಲವೆದ್ದಿತು. ಈತನು ಶಸ್ತ್ರವೈದ್ಯನೇ ಹೊರತು ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಬಲ್ಲವನಲ್ಲ, ಸರಕಾರದ ಪೀಠದಿಂದ ಮತಪ್ರಚಾರ ಮಾಡುವನು ಎಂದು ಉದಾರವಾದಿಗಳೂ ಸ್ತ್ರೀಸಂಘಗಳೂ ಆಕ್ಷೇಪಿಸಿದರು. ಕಾನೂನಿನ ವಯೋಮಿತಿಯೂ ಅಡ್ಡಿಯಾಯಿತು. ತಿಂಗಳುಗಟ್ಟಲೆ ಎಳೆದಾಡಿದ ಮೇಲೆ 1981ರ ನವೆಂಬರಿನಲ್ಲಿ ಸೆನೆಟ್ ಸಭೆಯು 24ಕ್ಕೆ ಪ್ರತಿಯಾಗಿ 68 ಓಟುಗಳಿಂದ ಆತನನ್ನು ಒಪ್ಪಿತು. ಮಿತ್ರರ ಆಸೆಯೂ ವಿರೋಧಿಗಳ ಭೀತಿಯೂ ಆಗ ಒಂದೇ ಆಗಿತ್ತು: ಈತನು ಪಕ್ಷದ ಮನುಷ್ಯ.

ಎರಡೂ ಎಣಿಕೆಗಳು ಸುಳ್ಳಾದವು. ಮೊದಲನೆಯ ಪರೀಕ್ಷೆ ಹೊಗೆಸೊಪ್ಪಿನದು. ಆತನನ್ನು ಎತ್ತಿಹಿಡಿದವರಲ್ಲಿ ಜೆಸ್ಸಿ ಹೆಲ್ಮ್ಸ್ ಮುಖ್ಯನು. ಆತನು ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಉತ್ತರ ಕೆರೊಲೀನದ ಸೆನೆಟರು. ಆದರೂ ಕೂಪನು ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ. ಶತಮಾನವು ಮುಗಿಯುವಷ್ಟರಲ್ಲಿ ದೇಶವು ಹೊಗೆಯಿಲ್ಲದ್ದಾಗಬೇಕೆಂದು 1984ರಲ್ಲಿ ಕರೆಕೊಟ್ಟನು. ಸೇದುವವನ ಹೊಗೆಯು ಪಕ್ಕದಲ್ಲಿರುವವನಿಗೂ ರೋಗವನ್ನು ತರುವುದೆಂದು 1986ರ ವರದಿಯು ಸಾರಿತು. ನಿಕೋಟಿನ್ ಎಂಬುದು ಹೆರಾಯಿನ್, ಕೊಕೇನ್‌ಗಳಂತೆಯೇ ಚಟವನ್ನು ಹಿಡಿಸುವ ದ್ರವ್ಯವೆಂದು 1988ರ ವರದಿಯು ಸಾರಿತು.

ಎರಡನೆಯ ಪರೀಕ್ಷೆ ಇದಕ್ಕಿಂತ ಕಠಿನವಾದುದು. ಏಡ್ಸ್ ರೋಗವು 1981ರ ಜೂನಿನಲ್ಲಿ ಮೊದಲು ವರದಿಯಾಯಿತು. ಪುರುಷರೊಡನೆ ಸಂಬಂಧವುಳ್ಳ ಪುರುಷರಲ್ಲಿಯೂ, ಸೂಜಿಯಿಂದ ಮಾದಕದ್ರವ್ಯವನ್ನು ಚುಚ್ಚಿಕೊಳ್ಳುವವರಲ್ಲಿಯೂ ಅದು ಹೆಚ್ಚಾಗಿ ಕಂಡುಬಂದುದರಿಂದ, ಇದು ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ಕೆಲವು ಬೋಧಕರು ನುಡಿದರು. ಸಾವಿರಾರು ಜನ ಸಾಯುತ್ತಿದ್ದರೂ ಸರಕಾರವು ಬಹುಮಟ್ಟಿಗೆ ಮೌನವಾಗಿತ್ತು; ಕೂಪನನ್ನು ಮೇಲಧಿಕಾರಿಗಳು ಈ ವಿಷಯದಿಂದ ದೂರವಿಟ್ಟಿದ್ದರು. 1986ರ ಆರಂಭದಲ್ಲಿ ರೇಗನ್ ವರದಿಯನ್ನು ಕೇಳಿದಾಗ ಆತನಿಗೆ ಬಾಯಿ ಬಂದಂತಾಯಿತು. ವೈದ್ಯರು, ಮತಾಚಾರ್ಯರು, ರೋಗಿಗಳ ಪರವಾದ ಸಂಘಗಳು ಎಲ್ಲರ ಮಾತನ್ನೂ ಕೇಳಿ, ಬೇರೆಯವರ ಕೈಗೆ ಕೊಡದೆ ತಾನೇ ಬರೆದು, 17 ಸಲ ಕರಡನ್ನು ತಿದ್ದಿ, ಆ ವರ್ಷದ ಅಕ್ಟೋಬರ್ 22ರಂದು ವರದಿಯನ್ನು ಪ್ರಕಟಿಸಿದನು.

ಆ ವರದಿಯಲ್ಲಿ ಸಂಯಮ, ಏಕಪತ್ನೀವ್ರತ, ಏಕಪತಿವ್ರತಗಳೇ ನಿಶ್ಚಯವಾದ ರಕ್ಷೆಯೆಂಬ ಮಾತು ಇದ್ದೇ ಇತ್ತು. ಆದರೆ ಆತನು ಅಲ್ಲಿಗೆ ನಿಲ್ಲಲಿಲ್ಲ. ಆ ಮಾರ್ಗವನ್ನು ಹಿಡಿಯದವರು ಕಾಂಡೋಮ್ ಬಳಸಬೇಕೆಂದೂ, ಮಕ್ಕಳಿಗೆ ಎಳೆಯ ತರಗತಿಗಳಿಂದಲೇ ಈ ತಿಳಿವಳಿಕೆಯನ್ನು ಕೊಡಬೇಕೆಂದೂ, ರೋಗಿಗಳನ್ನು ಪ್ರತ್ಯೇಕವಾಗಿ ಕೂಡಿಹಾಕುವುದರಿಂದ ಪ್ರಯೋಜನವಿಲ್ಲವೆಂದೂ ಬಿಚ್ಚುಮಾತಿನಲ್ಲಿ ಬರೆದನು. 1988ರಲ್ಲಿ ಈ ವಿಷಯದ 8 ಪುಟಗಳ ಕಿರುಹೊತ್ತಗೆಯು ಅಂಚೆಯ ಮೂಲಕ ಸುಮಾರು 10 ಕೋಟಿ 70 ಲಕ್ಷ ಮನೆಗಳಿಗೆ ಹೋಯಿತು. ಹಳೆಯ ಮಿತ್ರರು ಕನಲಿದರು. ಫಿಲಿಸ್ ಶ್ಲಾಫ್ಲಿ ಮೊದಲಾದ ಸಂಪ್ರದಾಯವಾದಿ ಮುಖಂಡರು ಆತನನ್ನು ಕಟುವಾಗಿ ನಿಂದಿಸಿದರು. 1987ರಲ್ಲಿ ಆತನ ಗೌರವಾರ್ಥವಾಗಿ ಏರ್ಪಡಿಸಿದ್ದ ಭೋಜನಕೂಟವನ್ನು ಬಹಿಷ್ಕರಿಸಬೇಕೆಂದೂ ಕರೆಕೊಟ್ಟರು. ಹಿಂದೆ ಆತನನ್ನು ಹಳಿದಿದ್ದ ಉದಾರವಾದಿಗಳು ಈಗ ಹೊಗಳತೊಡಗಿದರು. ತಾನು ನೀತಿವಂತರಿಗೂ ನೀತಿಗೆಟ್ಟವರಿಗೂ ಸಮನಾಗಿ ಸರ್ಜನ್ ಜನರಲ್ ಎಂಬುದು ಕೂಪನ ಉತ್ತರವಾಗಿತ್ತು.

ಇದನ್ನು ಕಂಡು ಆತನು ಪಕ್ಷಾಂತರಿಯಾದನೆಂದು ಬಗೆಯುವುದು ತಪ್ಪು. 1982ರಲ್ಲಿ ಇಂಡಿಯಾನದಲ್ಲಿ ಡೌನ್ ಸಿಂಡ್ರೋಮ್ ಇದ್ದ ಶಿಶುವೊಂದಕ್ಕೆ ಅನ್ನನಾಳದ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿ ಸಾಯಗೊಟ್ಟಾಗ, ಇಂಥ ಮಕ್ಕಳ ರಕ್ಷಣೆಗಾಗಿ ಹೋರಾಡಿದವನು ಈತನೇ. ಗರ್ಭಪಾತದ ವಿಷಯದಲ್ಲಿ ಆತನ ಮನಸ್ಸು ಕಡೆಯವರೆಗೂ ಬದಲಾಗಲಿಲ್ಲ. ಆದರೆ ಗರ್ಭಪಾತದಿಂದ ಸ್ತ್ರೀಯರ ಆರೋಗ್ಯಕ್ಕೆ ಆಗುವ ಪರಿಣಾಮಗಳನ್ನು ಕುರಿತು ವರದಿಯನ್ನು ಒಪ್ಪಿಸೆಂದು 1987ರಲ್ಲಿ ರೇಗನ್ ಕೇಳಿದಾಗ, ಆತನ ಸತ್ಯನಿಷ್ಠೆಗೆ ಕೊನೆಯ ಒರೆಗಲ್ಲು ಒದಗಿತು. ತನ್ನ ಪಕ್ಷಕ್ಕೆ ಬೇಕಾದ ಉತ್ತರವೇನೆಂಬುದು ಆತನಿಗೆ ಗೊತ್ತಿತ್ತು. ಆ ಉತ್ತರವು ಬಂದಿದ್ದರೆ ಆತನ ಸ್ವಂತ ನಂಬಿಕೆಗೂ ಬಲ ಬರುತ್ತಿತ್ತು. ಆದರೂ ಲಭ್ಯವಾದ ಅಧ್ಯಯನಗಳಿಂದ ಎತ್ತಲೂ ಖಚಿತವಾದ ನಿರ್ಣಯವು ಹೊರಡುವುದಿಲ್ಲವೆಂದು 1989ರ ಜನವರಿಯಲ್ಲಿ ಅಧ್ಯಕ್ಷನಿಗೆ ಪತ್ರ ಬರೆದನು. ಗರ್ಭಪಾತದ ವಿರುದ್ಧ ತನಗಿರುವ ಆಕ್ಷೇಪಣೆಯು ಧರ್ಮಸಂಬಂಧವಾದುದು; ಅದಕ್ಕೆ ವಿಜ್ಞಾನದ ಹೆಸರಿನಲ್ಲಿ ಇಲ್ಲದ ಪುರಾವೆಯನ್ನು ಹುಟ್ಟಿಸುವುದು ಧರ್ಮಕ್ಕೂ ವಿಜ್ಞಾನಕ್ಕೂ ಅಪಚಾರವೆಂಬುದು ಆತನ ನಡತೆಯ ಅರ್ಥ.

ಕೂಪನು ದೋಷರಹಿತನೆಂದು ಹೇಳಲಾಗದು. ಏಡ್ಸ್ ವಿಷಯದ ಮೊದಲ ವರ್ಷಗಳ ಮೌನಕ್ಕೆ ಮೇಲಧಿಕಾರಿಗಳ ತಡೆಯು ಕಾರಣವಾಗಿದ್ದರೂ, ಆ ವಿಳಂಬದ ಬೆಲೆಯನ್ನು ತೆತ್ತವರು ರೋಗಿಗಳು. ನಿವೃತ್ತಿಯ ಮೇಲೆ ತನ್ನ ಹೆಸರಿನಿಂದ ಸ್ಥಾಪಿತವಾದ ಆರೋಗ್ಯದ ಅಂತರಜಾಲ ವ್ಯಾಪಾರದಲ್ಲಿ ಸಲಹೆಗೂ ಜಾಹೀರಾತಿಗೂ ನಡುವಣ ಗೆರೆಯು ಮಸಕಾಯಿತೆಂಬ ಟೀಕೆಗೆ 1999ರಲ್ಲಿ ಗುರಿಯಾದನು. ಮಾತಿನ ಬೆಲೆಯಿಂದಲೇ ಬಾಳಿದವನಿಗೆ ಇದು ಕಿರಿದಾದ ಕಳಂಕವಲ್ಲ. 1995ರಲ್ಲಿ ಅಧ್ಯಕ್ಷ ಕ್ಲಿಂಟನ್, ವಿರೋಧಪಕ್ಷದವನಾಗಿದ್ದರೂ, ದೇಶದ ಅತ್ಯುನ್ನತ ನಾಗರಿಕ ಪದಕವನ್ನು ಆತನಿಗೆ ಕೊಟ್ಟನು. 2013ರ ಫೆಬ್ರವರಿಯಲ್ಲಿ, ತನ್ನ 96ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಮತಶ್ರದ್ಧೆಯನ್ನು ಮನೆಯಲ್ಲಿಯೇ ಬಿಟ್ಟು ಕಚೇರಿಗೆ ಬರಬೇಕೆಂದು ಕೆಲವರೂ, ಅದನ್ನೇ ಆಜ್ಞೆಯಾಗಿ ಪ್ರಜೆಗಳ ಮೇಲೆ ಹೊರಿಸಬೇಕೆಂದು ಕೆಲವರೂ ವಾದಿಸುತ್ತಾರೆ. ಕೂಪನು ಎರಡನ್ನೂ ಮಾಡಲಿಲ್ಲ. ಹಸುಳೆಯ ಪ್ರಾಣವನ್ನು ಕಾಯಲು ಆತನನ್ನು ಪ್ರೇರಿಸಿದ ಶ್ರದ್ಧೆಯೇ, ಲೋಕವು ದೂರವಿಟ್ಟ ರೋಗಿಯ ಪ್ರಾಣವನ್ನೂ ಕಾಯಲು ಪ್ರೇರಿಸಿತು. ಸುಳ್ಳಾಡಬಾರದೆಂಬುದೂ ಆ ಶ್ರದ್ಧೆಯ ಒಂದು ವಿಧಿಯೆಂಬುದನ್ನು ಆತನ ಮಿತ್ರರು ಮರೆತಾಗಲೂ ಆತನು ಮರೆಯಲಿಲ್ಲ.