‘ಹಿಮ್ಮೆಟ್ಟಿದೆವು’ ಎನ್ನಲಾರದ ಸೇನೆ

1943ರ ಫೆಬ್ರುವರಿ ಮೊದಲ ವಾರ. ದಕ್ಷಿಣ ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದಿಂದ ಜಪಾನಿನ ಯುದ್ಧನೌಕೆಗಳು ರಾತ್ರಿ ವೇಳೆ ಸುಮಾರು 10 ಸಾವಿರ ಸೈನಿಕರನ್ನು ಸಾಗಿಸಿದವು. ಅಲ್ಲಿಗೆ ಹೋಗಿದ್ದವರು 30 ಸಾವಿರಕ್ಕೂ ಹೆಚ್ಚು. ಸತ್ತವರಲ್ಲಿ ಗುಂಡೇಟಿಗಿಂತ ಹಸಿವು, ಕಾಯಿಲೆಗಳಿಗೆ ಬಲಿಯಾದವರೇ ಜಾಸ್ತಿ. ಆದರೆ ಟೋಕಿಯೊದ ಸೇನಾ ಕೇಂದ್ರ ಕಚೇರಿ ಜನರಿಗೆ ಹೇಳಿದ್ದೇನು? ಪಡೆಗಳು ‘ತೆನ್‌ಶಿನ್’ ಮಾಡಿವೆ ಎಂದು. ‘ತೆನ್’ ಅಂದರೆ ತಿರುಗುವುದು, ‘ಶಿನ್’ ಅಂದರೆ ಮುನ್ನಡೆಯುವುದು. ಅಂದರೆ ಸೇನೆ ಓಡಿ ಬಂದಿಲ್ಲ, ದಿಕ್ಕು ಬದಲಿಸಿ ಮುಂದೆ ಸಾಗಿದೆ!

ಹಿಮ್ಮೆಟ್ಟುವುದಕ್ಕೆ ಜಪಾನಿ ಭಾಷೆಯಲ್ಲಿ ಪದವಿಲ್ಲದೆ ಇರಲಿಲ್ಲ. ‘ತೈಕ್ಯಾಕು’ ಎಂಬ ನೇರವಾದ ಪದವೇ ಇತ್ತು. ಚಕ್ರವರ್ತಿಯ ಸೇನೆಗೆ ಸೋಲೇ ಇಲ್ಲವೆಂದು ಸಾರುತ್ತಿದ್ದವರಿಗೆ ಅದು ಬೇಡವಾಗಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಅಲಾಸ್ಕಾ ಬಳಿಯ ಅಟ್ಟು ದ್ವೀಪದಲ್ಲಿ 2,500ಕ್ಕೂ ಹೆಚ್ಚು ಜಪಾನಿ ಸೈನಿಕರಿದ್ದರು. ಸೆರೆಸಿಕ್ಕವರು 30ಕ್ಕಿಂತ ಕಡಿಮೆ, ಉಳಿದವರೆಲ್ಲ ಸತ್ತರು. ಅದಕ್ಕೆ ಸರ್ಕಾರ ‘ಗ್ಯೊಕುಸಾಯಿ’ ಎಂದಿತು. ರತ್ನ ಒಡೆದು ಚೂರಾಗುವುದು ಎಂದರ್ಥ. ಹಳೆಯ ಚೀನೀ ಗ್ರಂಥದಿಂದ ಬಂದ ಈ ಮಾತು ಸಾಮೂಹಿಕ ಸಾವಿಗೆ ಹೊದಿಸಿದ ರೇಷ್ಮೆ ಶಾಲು.

ಹೀಗೆ ಮಾತನ್ನು ಮರೆಮಾಚಿ ಅಭ್ಯಾಸವಾದ ಸರ್ಕಾರಕ್ಕೆ ಸ್ಪಷ್ಟ ಮಾತು ಬೇಕಾದ ದಿನವೂ ಬಂತು. 1945ರ ಜುಲೈ 26ರಂದು ಮಿತ್ರರಾಷ್ಟ್ರಗಳು ಪಾಟ್ಸ್‌ಡ್ಯಾಮ್ ಘೋಷಣೆ ಹೊರಡಿಸಿ ಬೇಷರತ್ ಶರಣಾಗತಿ ಕೇಳಿದವು. ಅಷ್ಟರಲ್ಲಿ ಜಪಾನ್ ಗುಟ್ಟಾಗಿ ಮಾಸ್ಕೊದ ಮಧ್ಯಸ್ಥಿಕೆ ಬೇಡುತ್ತಿತ್ತು. ಪ್ರಧಾನಿ ಸುಜುಕಿ ಕಾಂತಾರೊ ಜುಲೈ 28ರಂದು ಪತ್ರಕರ್ತರ ಮುಂದೆ ಆಡಿದ ಮಾತು ‘ಮೊಕುಸಾತ್ಸು’ ಎಂದು ದಾಖಲಾಗಿದೆ. ಅಕ್ಷರಶಃ ‘ಮೌನದಿಂದ ಕೊಲ್ಲು’. ಸದ್ಯಕ್ಕೆ ಉತ್ತರವಿಲ್ಲ ಎಂದೂ ಹೇಳಬಹುದು, ಲೆಕ್ಕಕ್ಕಿಲ್ಲ ಎಂದೂ ಹೇಳಬಹುದು. ಹೊರಜಗತ್ತಿಗೆ ಅದು ತಿರಸ್ಕಾರವಾಗಿ ಮುಟ್ಟಿತು. ಆಗಸ್ಟ್ 6ರಂದು ಹಿರೋಶಿಮಾ ಸುಟ್ಟಿತು.

ಅನುವಾದದ ತಪ್ಪೇ ಬಾಂಬಿಗೆ ಕಾರಣ ಎಂಬ ಕತೆ ಪ್ರಸಿದ್ಧ. ಅದನ್ನು ಪೂರ್ತಿ ನಂಬುವುದು ಕಷ್ಟ. ಬಾಂಬ್ ಹಾಕುವ ಆದೇಶ ಹೊರಟದ್ದು ಜುಲೈ 25ರಂದು, ಘೋಷಣೆಗೂ ಒಂದು ದಿನ ಮುಂಚೆ. ಟೋಕಿಯೊದ ಸೇನಾ ನಾಯಕರೂ ಶರಣಾಗತಿಗೆ ಒಪ್ಪಿರಲಿಲ್ಲ. ಆ ಪದ ಅಸ್ಪಷ್ಟವಾಗಿದ್ದುದಕ್ಕೆ ಅದನ್ನು ಆಡಿದ ಸಂಪುಟದಲ್ಲೇ ಒಮ್ಮತವಿಲ್ಲದಿದ್ದುದು ಕಾರಣ. ನಿಘಂಟನ್ನು ದೂರಿ ಫಲವಿಲ್ಲ.

ಆಗಸ್ಟ್ 15ರ ಮಧ್ಯಾಹ್ನ ಚಕ್ರವರ್ತಿ ಹಿರೊಹಿಟೊ ಅವರ ಧ್ವನಿಮುದ್ರಿತ ಭಾಷಣ ರೇಡಿಯೊದಲ್ಲಿ ಬಿತ್ತರವಾಯಿತು. ಅದರಲ್ಲಿ ‘ಸೋಲು’ ಇಲ್ಲ, ‘ಶರಣಾಗತಿ’ಯೂ ಇಲ್ಲ. ನಾಲ್ಕು ರಾಷ್ಟ್ರಗಳ ಜಂಟಿ ಘೋಷಣೆಯನ್ನು ಒಪ್ಪಿದ್ದಾಗಿ ಮಾತ್ರ ಇತ್ತು. ಆಸ್ಥಾನದ ಆ ಹಳೆಯ ಭಾಷೆ ಅನೇಕರಿಗೆ ಅರ್ಥವೇ ಆಗಲಿಲ್ಲ. ವಾರ್ತಾ ವಾಚಕರು ಬಿಡಿಸಿ ಹೇಳಬೇಕಾಯಿತು.

ಬಳಿಕ ಬಂದಿಳಿದ ಅಮೆರಿಕದ ಪಡೆಗೂ ‘ಶಿನ್‌ಚೂಗುನ್’, ಅಂದರೆ ಮುಂದೆ ಬಂದು ಬೀಡುಬಿಟ್ಟ ಸೇನೆ, ಎಂಬ ಮೆತ್ತನೆಯ ಹೆಸರು ಸಿಕ್ಕಿತು. ಆಗಸ್ಟ್ 15ನ್ನು ಜಪಾನಿನಲ್ಲಿ ಈಗಲೂ ಹೆಚ್ಚಾಗಿ ‘ಶೂಸೆನ್’ ದಿನ, ಯುದ್ಧ ಮುಗಿದ ದಿನ, ಎನ್ನುತ್ತಾರೆ. ‘ಹೈಸೆನ್’, ಅಂದರೆ ಯುದ್ಧದಲ್ಲಿ ಸೋಲು, ಎಂದೇ ಹೇಳಬೇಕೆಂದು ಪಟ್ಟುಹಿಡಿದವರು ಅಲ್ಲಿಯೂ ಇದ್ದಾರೆ.